ಕ್ಯಾರಲ್ ಲೊಂಬಾರ್ಡ್: ಬದುಕು ಮತ್ತು ಹಾಸ್ಯನಟನೆಯ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕ್ಯಾರಲ್ ಲೊಂಬಾರ್ಡ್ ಯಾರು? ಅವರನ್ನು ಈಗಲೂ ಏಕೆ ನೆನೆಯುತ್ತಾರೆ?

1930ರ ದಶಕದ ಹಾಲಿವುಡ್ ಹಾಸ್ಯಚಿತ್ರಗಳ ಅಗ್ರಶ್ರೇಣಿಯ ನಟಿ. 1908ರ ಅಕ್ಟೋಬರ್ 6ರಂದು ಇಂಡಿಯಾನಾ ರಾಜ್ಯದ ಫೋರ್ಟ್ ವೇನ್ ಊರಿನಲ್ಲಿ ಹುಟ್ಟಿದ ಅವರು, 1942ರ ಜನವರಿ 16ರಂದು ವಿಮಾನ ಅಪಘಾತದಲ್ಲಿ ತೀರಿಕೊಂಡಾಗ ವಯಸ್ಸು ಕೇವಲ 33. ಚೆಲುವೆಯಾದವಳು ನಾಯಕಿಯಾಗಿ ನಿಂತರೆ ಸಾಕು, ನಗಿಸುವ ಹೊಣೆಯನ್ನು ಪೋಷಕ ನಟರು ನೋಡಿಕೊಳ್ಳುತ್ತಾರೆ ಎಂಬ ವಾಡಿಕೆ ಬಹುಮಟ್ಟಿಗೆ ಚಾಲ್ತಿಯಲ್ಲಿದ್ದ ಕಾಲದಲ್ಲಿ, ರೇಷ್ಮೆಯ ಗೌನು ತೊಟ್ಟುಕೊಂಡೇ ಒದೆಯುವ, ಕಿರುಚುವ, ಎಡವಿ ಬೀಳುವ, ಸೋರುವ ಕೂದಲಲ್ಲೇ ಹಾಸಿಗೆಯ ಮೇಲೆ ಕುಣಿಯುವ ನಾಯಕಿಯಾಗಿ ಅವರು ತೆರೆಗೆ ಬಂದರು. ಇದನ್ನು ‘ಸಹಜ ಪ್ರತಿಭೆ’ ಎಂದು ಹೊಗಳುವವರೇ ಹೆಚ್ಚು. ಆದರೆ ಅವರ ವೃತ್ತಿಜೀವನವನ್ನು ಮೊದಲಿನಿಂದ ನೋಡುತ್ತ ಬಂದರೆ, ಆ ಹುಚ್ಚಾಟದ ಹಿಂದೆ ಸುಮಾರು ಹತ್ತು ವರ್ಷಗಳ ಕಲಿಕೆ ಇದ್ದದ್ದು ತಿಳಿಯುತ್ತದೆ. ಮುಂದಿನ ಉತ್ತರಗಳನ್ನು ಈ ಎಳೆಯನ್ನು ಹಿಡಿದೇ ಬರೆಯಲಾಗಿದೆ.

ಅವರ ನಿಜವಾದ ಹೆಸರು ಏನು?

ಜೇನ್ ಆಲಿಸ್ ಪೀಟರ್ಸ್. ಚಿತ್ರರಂಗಕ್ಕೆ ಬಂದಾಗ ಸ್ಟುಡಿಯೋದವರಿಗೆ ಈ ಹೆಸರು ಸಪ್ಪೆ ಅನ್ನಿಸಿತು. ‘ಕ್ಯಾರಲ್’ ಎಂಬ ಹೊಸ ಹೆಸರಿಟ್ಟುಕೊಂಡು, ಕುಟುಂಬದ ಪರಿಚಿತರೊಬ್ಬರ ಮನೆತನದ ಹೆಸರಾದ ‘ಲೊಂಬಾರ್ಡ್’ ಅನ್ನು ಅದಕ್ಕೆ ಸೇರಿಸಿಕೊಂಡರು. ಇಂಗ್ಲಿಷಿನಲ್ಲಿ ಆ ಮೊದಲ ಹೆಸರಿನ ಕೊನೆಗೆ ಕಾಣುವ ‘ಇ’ ಅಕ್ಷರ 1930ರ ‘ಫಾಸ್ಟ್ ಅಂಡ್ ಲೂಸ್’ ಚಿತ್ರದ ಸಮಯದಲ್ಲಿ ಆದ ಅಚ್ಚಿನ ತಪ್ಪಿನಿಂದ ಬಂದು ಸೇರಿದ್ದು. ನೋಡಲು ಚೆನ್ನಾಗಿದೆ ಎಂದು ಅವರು ಅದನ್ನು ಹಾಗೆಯೇ ಉಳಿಸಿಕೊಂಡರು. ಉಚ್ಚಾರದಲ್ಲಿ ಅದಕ್ಕೆ ಜಾಗವಿಲ್ಲದ ಕಾರಣ ಕನ್ನಡದಲ್ಲಿ ಬರೆಯುವಾಗ ಈ ಅಕ್ಷರದ ಕಥೆಯೇ ಕಾಣೆಯಾಗುತ್ತದೆ.

ಚಿತ್ರರಂಗಕ್ಕೆ ಬಂದದ್ದು ಹೇಗೆ?

ಬೀದಿಯಲ್ಲಿ ಬೇಸ್‌ಬಾಲ್ ಆಡುತ್ತ. ತಂದೆ ಫ್ರೆಡರಿಕ್ ಮತ್ತು ತಾಯಿ ಬೆಸ್ ಅವರ ದಾಂಪತ್ಯ ಸರಿಹೋಗದೆ, 1914ರಲ್ಲಿ ತಾಯಿ ಮೂವರು ಮಕ್ಕಳನ್ನು ಕರೆದುಕೊಂಡು ಲಾಸ್ ಏಂಜಲೀಸ್‌ಗೆ ಬಂದು ನೆಲೆಸಿದ್ದರು. ಇಬ್ಬರು ಅಣ್ಣಂದಿರ ನಡುವೆ ಬೆಳೆದ ಹುಡುಗಿಗೆ ಓಟ, ಚೆಂಡು, ಜಗಳ ಎಲ್ಲವೂ ಮನೆಯ ಪಾಠಗಳಾದವು. ಹನ್ನೆರಡರ ವಯಸ್ಸಿನಲ್ಲಿ ಹುಡುಗರ ಜೊತೆ ಆಡುತ್ತಿದ್ದಾಗ ನಿರ್ದೇಶಕ ಅಲನ್ ಡ್ವಾನ್ ಅವರ ಕಣ್ಣಿಗೆ ಬಿದ್ದು, 1921ರ ‘ಎ ಪರ್ಫೆಕ್ಟ್ ಕ್ರೈಮ್’ ಮೂಕಿಚಿತ್ರದಲ್ಲಿ ಸಣ್ಣ ಪಾತ್ರ ಸಿಕ್ಕಿತು. ಹದಿನಾರು ತುಂಬುವ ಹೊತ್ತಿಗೆ, 1924ರಲ್ಲಿ, ಫಾಕ್ಸ್ ಸಂಸ್ಥೆ ಅವರೊಂದಿಗೆ ಒಪ್ಪಂದ ಮಾಡಿಕೊಂಡಿತು.

ಮುಖದ ಮೇಲಿನ ಗಾಯದ ಗುರುತಿನ ಕಥೆ ನಿಜವೇ?

ನಿಜ. 1920ರ ದಶಕದ ಮಧ್ಯಭಾಗದಲ್ಲಿ ಅವರು ಕುಳಿತಿದ್ದ ಕಾರು ಅಪಘಾತಕ್ಕೀಡಾಗಿ, ಮುಂಭಾಗದ ಗಾಜು ಒಡೆದು ಎಡಗೆನ್ನೆಯನ್ನು ಸೀಳಿತು. ಶಸ್ತ್ರಚಿಕಿತ್ಸೆಯ ನಂತರವೂ ಗುರುತು ಪೂರ್ತಿಯಾಗಿ ಮಾಸಲಿಲ್ಲ, ಫಾಕ್ಸ್ ಸಂಸ್ಥೆಯ ಒಪ್ಪಂದವೂ ಅಲ್ಲಿಗೆ ಮುಗಿಯಿತು. ಮುಖವೇ ಬಂಡವಾಳವೆಂದು ಎಣಿಸುವ ಕಡೆ ಹದಿಹರೆಯದ ಹುಡುಗಿಯೊಬ್ಬಳ ಕಥೆ ಇಲ್ಲಿಗೆ ಕೊನೆಗೊಂಡಿದ್ದರೆ ಯಾರೂ ಆಶ್ಚರ್ಯಪಡುತ್ತಿರಲಿಲ್ಲ.

ಲೊಂಬಾರ್ಡ್ ಮಾತ್ರ ಬೆಳಕಿನ ವಿದ್ಯೆಯನ್ನು ಕಲಿತರು. ಯಾವ ದೀಪ ಯಾವ ಎತ್ತರದಲ್ಲಿದ್ದರೆ ಕೆನ್ನೆಯ ಗೀರು ಕರಗುತ್ತದೆ, ಕ್ಯಾಮೆರಾ ಎಷ್ಟು ಹತ್ತಿರ ಬಂದರೆ ಅದು ಮತ್ತೆ ಎದ್ದು ಕಾಣುತ್ತದೆ, ಮುಖವನ್ನು ಎತ್ತ ತಿರುಗಿಸಬೇಕು ಎಂಬುದನ್ನೆಲ್ಲ ಛಾಯಾಗ್ರಾಹಕರ ಪಕ್ಕದಲ್ಲಿ ನಿಂತು ತಿಳಿದುಕೊಂಡರು. ಮುಂದೆ ಅವರ ಹಲವು ಚಿತ್ರಗಳಿಗೆ ಛಾಯಾಗ್ರಹಣ ಮಾಡಿದ ಟೆಡ್ ಟೆಟ್ಜ್‌ಲಾಫ್ ಅವರ ಜೊತೆಗಿನ ಹೊಂದಾಣಿಕೆಗೂ ಈ ತಿಳಿವಳಿಕೆಯೇ ಬುನಾದಿ. ಹತ್ತಿರದ ಶಾಟ್‌ಗಳನ್ನು ಗಮನವಿಟ್ಟು ನೋಡಿದರೆ ಗಾಯದ ಗೆರೆ ಈಗಲೂ ಕೆಲವೆಡೆ ಕಾಣುತ್ತದೆ.

ಹಾಸ್ಯವನ್ನು ಎಲ್ಲಿ ಕಲಿತರು?

ಮ್ಯಾಕ್ ಸೆನೆಟ್ ಅವರ ಗರಡಿಯಲ್ಲಿ. ಒಬ್ಬರನ್ನೊಬ್ಬರು ಅಟ್ಟಿಸಿಕೊಂಡು ಹೋಗುವ, ಮುಖಕ್ಕೆ ಕೆನೆಯ ಕಡುಬು ಬಡಿಯುವ, ನೀರಿಗೆ ಬೀಳುವ ಕಿರುಚಿತ್ರಗಳಿಗೆ ಸೆನೆಟ್ ಹೆಸರಾಗಿದ್ದರು. ಈಜುಡುಗೆ ತೊಟ್ಟ ಹುಡುಗಿಯರ ಒಂದು ತಂಡವೂ ಅವರ ಬಳಿ ಇತ್ತು. 1927ರಿಂದ 1929ರವರೆಗೆ ಲೊಂಬಾರ್ಡ್ ಇಂಥ ಹದಿನೆಂಟು ಕಿರುಚಿತ್ರಗಳಲ್ಲಿ ನಟಿಸಿದರು. ಗಾಯದ ಗುರುತಿಗೆ ಅಲ್ಲಿ ಯಾರೂ ತಲೆಕೆಡಿಸಿಕೊಳ್ಳಲಿಲ್ಲ. ಬೀಳುವುದು ಹೇಗೆ, ಪೆಟ್ಟು ಬಿದ್ದಂತೆ ಕಾಣುವುದು ಹೇಗೆ, ಎದುರಿನವರ ಚೇಷ್ಟೆಗೆ ಪ್ರತಿಕ್ರಿಯೆ ಕೊಡುವ ಮೊದಲು ಎಷ್ಟು ಕ್ಷಣ ಕಾಯಬೇಕು ಎಂಬ ಲೆಕ್ಕಾಚಾರವೇ ಅಲ್ಲಿಯ ಪಾಠ. ಹಾಸ್ಯದಲ್ಲಿ ಹದವೆಂದರೆ ಈ ಕ್ಷಣದ ಲೆಕ್ಕವೇ.

ಇದಾದ ಮೇಲೆ ಮಾತಿನ ಚಿತ್ರಗಳ ಕಾಲ ಬಂತು. ಪಾಥೆ ಸಂಸ್ಥೆಯಲ್ಲಿ ಕೆಲವು ಚಿತ್ರ ಮಾಡಿ, 1930ರಲ್ಲಿ ಪ್ಯಾರಾಮೌಂಟ್ ಸೇರಿದರು. ಅಲ್ಲಿ ಮೊದಲ ನಾಲ್ಕು ವರ್ಷ ಸಿಕ್ಕ ಪಾತ್ರಗಳು ಹೆಚ್ಚಾಗಿ ಅಂದದ ಉಡುಗೆ ತೊಟ್ಟು ಬಂದು ಹೋಗುವಂಥವು. ಸೆನೆಟ್ ಅವರ ಬಳಿ ಕಲಿತದ್ದಕ್ಕೆ ಪ್ಯಾರಾಮೌಂಟ್‌ನಲ್ಲಿ ಗಿರಾಕಿ ಇರಲಿಲ್ಲ.

ತಿರುವು ಕೊಟ್ಟ ಚಿತ್ರ ಯಾವುದು?

1934ರ ‘ಟ್ವೆಂಟಿಯತ್ ಸೆಂಚುರಿ’. ಕೊಲಂಬಿಯಾ ಸಂಸ್ಥೆಗಾಗಿ ಹೊವಾರ್ಡ್ ಹಾಕ್ಸ್ ನಿರ್ದೇಶಿಸಿದ ಈ ಚಿತ್ರದಲ್ಲಿ ಎದುರಿಗಿದ್ದವರು ರಂಗಭೂಮಿಯ ದಿಗ್ಗಜ ಜಾನ್ ಬ್ಯಾರಿಮೋರ್. ಸಾಮಾನ್ಯ ಹುಡುಗಿಯೊಬ್ಬಳನ್ನು ನಟಿಯಾಗಿ ತಿದ್ದಿ, ಅವಳ ಮೇಲೆ ಹಕ್ಕು ಚಲಾಯಿಸುವ ಅಹಂಕಾರಿ ನಾಟಕ ನಿರ್ಮಾಪಕನದು ಅವರ ಪಾತ್ರವಾದರೆ, ಅವನಿಂದ ತಪ್ಪಿಸಿಕೊಂಡು ಹೋಗಿ ತಾನೂ ಅಷ್ಟೇ ಅಹಂಕಾರಿಯಾದ ತಾರೆಯದು ಲೊಂಬಾರ್ಡ್ ಅವರ ಪಾತ್ರ. ಅರ್ಧ ಚಿತ್ರ ರೈಲಿನ ಇಕ್ಕಟ್ಟಾದ ಕೋಣೆಗಳಲ್ಲಿ ನಡೆಯುತ್ತದೆ.

ಈ ಚಿತ್ರೀಕರಣದ ಪ್ರಸಂಗವೊಂದನ್ನು ಹಾಕ್ಸ್ ಮುಂದೆ ಬಹಳ ಸಲ ಹೇಳಿಕೊಂಡಿದ್ದಾರೆ. ಶುರುವಿನಲ್ಲಿ ಲೊಂಬಾರ್ಡ್ ಬಿಗಿಯಾಗಿ, ಸಂಭಾಷಣೆಯನ್ನು ಒಪ್ಪಿಸುವಂತೆ ನಟಿಸುತ್ತಿದ್ದರಂತೆ. ಹಾಕ್ಸ್ ಅವರನ್ನು ಪಕ್ಕಕ್ಕೆ ಕರೆದುಕೊಂಡು ಹೋಗಿ, ನಿಜವಾಗಿಯೂ ಒಬ್ಬ ಗಂಡಸು ನಿಮಗೆ ಇಂಥ ಮಾತಾಡಿದರೆ ಏನು ಮಾಡುತ್ತೀರಿ ಎಂದು ಕೇಳಿದರು. ಒದೆಯುತ್ತೇನೆ ಎಂದರು ಲೊಂಬಾರ್ಡ್; ಎಲ್ಲಿಗೆ ಒದೆಯುತ್ತೇನೆ ಎಂಬುದನ್ನೂ ಮುಚ್ಚುಮರೆಯಿಲ್ಲದೆ ಹೇಳಿದರು. ಹಾಗಾದರೆ ಒದೆಯಿರಿ ಎಂದರು ನಿರ್ದೇಶಕರು. ಬ್ಯಾರಿಮೋರ್‌ಗೆ ಇದರ ಸುಳಿವೇ ಇರಲಿಲ್ಲ. ಕಾಲು ತಮ್ಮ ಕಡೆ ಹಾರಿ ಬಂದಾಗ ಅವರು ನಿಜವಾಗಿಯೇ ಬೆಚ್ಚಿ ಹಿಂದೆ ಸರಿದರು. ಹಾಕ್ಸ್ ಕಥೆ ಹೇಳುವುದರಲ್ಲಿ ನಿಸ್ಸೀಮರಾದ್ದರಿಂದ ಇದಕ್ಕೆ ಸ್ವಲ್ಪ ಒಗ್ಗರಣೆ ಬಿದ್ದಿರಲೂಬಹುದು. ಆದರೆ ತೆರೆಯ ಮೇಲೆ ರೈಲಿನ ಸೀಟಿನಲ್ಲಿ ಒರಗಿ ಎರಡೂ ಕಾಲುಗಳನ್ನು ಝಾಡಿಸುವ ಲೊಂಬಾರ್ಡ್ ಅವರನ್ನು ನೋಡಿದವರಿಗೆ ಅದನ್ನು ನಂಬುವುದು ಕಷ್ಟವಾಗುವುದಿಲ್ಲ.

‘ಸ್ಕ್ರೂಬಾಲ್’ ಹಾಸ್ಯ ಎಂದರೆ ಏನು?

ಈ ಪದ ಬೇಸ್‌ಬಾಲ್‌ನಿಂದ ಬಂದದ್ದು. ಬ್ಯಾಟುಗಾರ ನಿರೀಕ್ಷಿಸುವ ದಿಕ್ಕಿಗೆ ವಿರುದ್ಧವಾಗಿ ತಿರುಗುವ ಎಸೆತವನ್ನು ‘ಸ್ಕ್ರೂಬಾಲ್’ ಎನ್ನುತ್ತಾರೆ. ಕ್ರಿಕೆಟ್ ಬಲ್ಲವರು ಗೂಗ್ಲಿಯನ್ನು ನೆನೆದುಕೊಂಡರೆ ಸಾಕು. ಆಡುಮಾತಿನಲ್ಲಿ ಅದು ತಿಕ್ಕಲು ಮನುಷ್ಯನಿಗೂ ಸಲ್ಲುತ್ತದೆ. ವೇಗದ ಮಾತು, ಸಿರಿವಂತರ ಮನೆಯ ಅವಾಂತರಗಳು, ಗಂಡಿಗಿಂತ ಒಂದು ಹೆಜ್ಜೆ ಮುಂದಿರುವ ಹೆಣ್ಣು, ಪ್ರೀತಿಯೇ ಜಗಳದ ವೇಷ ತೊಟ್ಟು ಬರುವುದು, ಇವು ಈ ಬಗೆಯ ಚಿತ್ರಗಳ ಲಕ್ಷಣಗಳು.

ಇದು 1934ರ ಹೊತ್ತಿಗೇ ಮೊಳೆತದ್ದಕ್ಕೆ ಕಾರಣಗಳಿವೆ. ಆರ್ಥಿಕ ಮಹಾಕುಸಿತದಿಂದ ಕೆಲಸ ಕಳೆದುಕೊಂಡ ಜನ ಹಣವಂತರ ಪೆದ್ದುತನವನ್ನು ನೋಡಿ ನಗಲು ಸಿದ್ಧರಿದ್ದರು. ಅದೇ ವರ್ಷದ ಜುಲೈಯಿಂದ ಹಾಲಿವುಡ್‌ನ ನೀತಿಸಂಹಿತೆಯನ್ನು ಕಟ್ಟುನಿಟ್ಟಾಗಿ ಜಾರಿಗೆ ತಂದದ್ದರಿಂದ ಗಂಡುಹೆಣ್ಣಿನ ಆಕರ್ಷಣೆಯನ್ನು ನೇರವಾಗಿ ತೋರಿಸುವ ದಾರಿಯೂ ಮುಚ್ಚಿತು. ಅಪ್ಪುಗೆಯ ಜಾಗಕ್ಕೆ ಬೈಗುಳ, ಓಟ, ತಳ್ಳಾಟ ಬಂದವು. ಅಣ್ಣಂದಿರ ಜೊತೆ ಬೇಸ್‌ಬಾಲ್ ಆಡಿ ಬೆಳೆದು ಸೆನೆಟ್ ಅವರ ಬಳಿ ಬೀಳುವುದನ್ನು ಕಲಿತಿದ್ದ ನಟಿಗೆ ಇದಕ್ಕಿಂತ ಒಳ್ಳೆಯ ಕಾಲ ಬೇರೆ ಬೇಕಿರಲಿಲ್ಲ.

ಅವರ ಅತ್ಯುತ್ತಮ ಹಾಸ್ಯಚಿತ್ರ ಯಾವುದು?

ಹೆಚ್ಚಿನವರು 1936ರ ‘ಮೈ ಮ್ಯಾನ್ ಗಾಡ್‌ಫ್ರೇ’ ಎನ್ನುತ್ತಾರೆ, ಈ ಬರಹಗಾರನ ಅಭಿಪ್ರಾಯವೂ ಅದೇ. ನಿರ್ದೇಶನ ಗ್ರೆಗರಿ ಲಾ ಕಾವಾ ಅವರದು. ನ್ಯೂಯಾರ್ಕಿನ ನದಿ ದಂಡೆಯ ಕಸದ ರಾಶಿಯ ನಡುವೆ ಗುಡಿಸಲು ಕಟ್ಟಿಕೊಂಡಿರುವ ನಿರುದ್ಯೋಗಿಗಳ ಬಳಿಗೆ ಶ್ರೀಮಂತರ ಮನೆಯ ಅಕ್ಕತಂಗಿಯರು ಝಗಮಗಿಸುವ ಉಡುಪಿನಲ್ಲಿ ಬರುತ್ತಾರೆ. ಯಾರಿಗೂ ಬೇಡವಾದ ವಸ್ತುಗಳನ್ನು ಹುಡುಕಿ ತರುವ ಪಂದ್ಯವೊಂದರಲ್ಲಿ ಅವರಿಗೆ ಬೇಕಾಗಿರುವುದು ‘ಮರೆತುಹೋದ ಮನುಷ್ಯ’. ಹಾಗೆ ಸಿಕ್ಕಿದ ಗಾಡ್‌ಫ್ರೇಯನ್ನು ತಂಗಿ ಐರೀನ್ ತನ್ನ ಮನೆಯ ಬಟ್ಲರನನ್ನಾಗಿ ಮಾಡಿಕೊಂಡು, ಆಮೇಲೆ ಅವನನ್ನೇ ಪ್ರೀತಿಸತೊಡಗುತ್ತಾಳೆ.

ಐರೀನ್ ಪಾತ್ರ ಸುಲಭದ್ದಲ್ಲ. ಅವಳಿಗೆ ಬುದ್ಧಿ ಕಡಿಮೆಯೇನಲ್ಲ, ಆದರೆ ಒಂದು ಯೋಚನೆ ಮುಗಿಯುವ ಮೊದಲೇ ಇನ್ನೊಂದು ನುಗ್ಗಿಬರುತ್ತದೆ. ಲೊಂಬಾರ್ಡ್ ಇದನ್ನು ಉಸಿರಿನಲ್ಲಿ ಹಿಡಿದಿದ್ದಾರೆ: ವಾಕ್ಯದ ನಡುವೆ ನಿಲ್ಲಿಸಬಾರದ ಕಡೆ ನಿಲ್ಲಿಸುತ್ತಾರೆ, ನಿಲ್ಲಿಸಬೇಕಾದ ಕಡೆ ಓಡಿಬಿಡುತ್ತಾರೆ. ಒಂದು ದೃಶ್ಯದಲ್ಲಿ ಅವಳು ಮೂರ್ಛೆ ಹೋದಂತೆ ನಟಿಸುತ್ತಾಳೆ. ಅವಳನ್ನು ಹೊತ್ತುಕೊಂಡು ಕೋಣೆಗೆ ಹೋದ ಗಾಡ್‌ಫ್ರೇಗೆ ಇದು ನಾಟಕವೆಂದು ಗೊತ್ತಾಗಿ, ಉಟ್ಟ ಬಟ್ಟೆಯಲ್ಲೇ ಷವರ್ ಕೆಳಗೆ ಕೂರಿಸಿ ತಣ್ಣೀರು ಬಿಟ್ಟುಬಿಡುತ್ತಾನೆ. ಬೇರೆ ನಾಯಕಿಯಾಗಿದ್ದರೆ ಸಿಟ್ಟಾಗುತ್ತಿದ್ದಳು. ಐರೀನ್ ಒದ್ದೆಮುದ್ದೆಯಾಗಿ ಹೊರಗೆ ಓಡಿಬಂದು, ತನ್ನ ಮೇಲೆ ಪ್ರೀತಿಯಿಲ್ಲದಿದ್ದರೆ ಅವನು ಹೀಗೆ ಮಾಡುತ್ತಿದ್ದನೇ ಎಂಬ ಖುಷಿಯಲ್ಲಿ ಹಾಸಿಗೆಯ ಮೇಲೆ ಹಾರಿ ಹಾರಿ ಕುಣಿಯುತ್ತಾಳೆ. ಕುಣಿತದಲ್ಲಿ ಅಂದವಾಗಿ ಕಾಣಬೇಕೆಂಬ ಆಸೆ ಎಳ್ಳಷ್ಟೂ ಇಲ್ಲ. ಆ ದೃಶ್ಯ ಮನಸ್ಸಿನಲ್ಲಿ ಉಳಿಯುವುದೂ ಅದರಿಂದಲೇ.

ಗಾಡ್‌ಫ್ರೇ ಪಾತ್ರಧಾರಿ ಅವರ ಮಾಜಿ ಪತಿಯಂತೆ, ಹೌದೇ?

ಹೌದು. ವಿಲಿಯಂ ಪವೆಲ್ ಅವರನ್ನು ಲೊಂಬಾರ್ಡ್ 1931ರ ಜೂನ್‌ನಲ್ಲಿ ಮದುವೆಯಾಗಿ 1933ರ ಆಗಸ್ಟ್‌ನಲ್ಲಿ ವಿಚ್ಛೇದನ ಪಡೆದಿದ್ದರು. ಇಬ್ಬರ ನಡುವೆ ಹದಿನಾರು ವರ್ಷಗಳ ಅಂತರವಿತ್ತು, ಸ್ವಭಾವವೂ ಬೇರೆ ಬೇರೆ. ಆದರೆ ಸ್ನೇಹ ಉಳಿಯಿತು. ಐರೀನ್ ಪಾತ್ರಕ್ಕೆ ಲೊಂಬಾರ್ಡ್ ಅವರೇ ಆಗಬೇಕೆಂದು ಪಟ್ಟುಹಿಡಿದವರು ಪವೆಲ್.

ಆಸ್ಕರ್ ಬಂದಿತ್ತೇ?

ಇಲ್ಲ. ‘ಮೈ ಮ್ಯಾನ್ ಗಾಡ್‌ಫ್ರೇ’ಗಾಗಿ ಶ್ರೇಷ್ಠ ನಟಿ ವಿಭಾಗದಲ್ಲಿ ಒಮ್ಮೆ ನಾಮನಿರ್ದೇಶನಗೊಂಡರು, ಪ್ರಶಸ್ತಿ ಲೂಯಿಸ್ ರೈನರ್ ಅವರ ಪಾಲಾಯಿತು. ನಟನೆಯ ನಾಲ್ಕೂ ವಿಭಾಗಗಳಲ್ಲಿ ನಾಮನಿರ್ದೇಶನ ಪಡೆದ ಮೊದಲ ಚಿತ್ರ ಇದಾದರೂ ಒಂದು ಪ್ರಶಸ್ತಿಯೂ ಕೈಗೆ ಬರಲಿಲ್ಲ. ಹಾಸ್ಯಕ್ಕೆ ಪ್ರಶಸ್ತಿ ಕೊಡಲು ಹಿಂದೆಮುಂದೆ ನೋಡುವ ಚಾಳಿ ಇಂದು ನಿನ್ನೆಯದಲ್ಲ.

ಇತರ ಮುಖ್ಯ ಹಾಸ್ಯಚಿತ್ರಗಳು ಯಾವುವು?

1935ರ ‘ಹ್ಯಾಂಡ್ಸ್ ಅಕ್ರಾಸ್ ದ ಟೇಬಲ್’ನಲ್ಲಿ ಲೊಂಬಾರ್ಡ್ ಉಗುರುಗಳನ್ನು ಓರಣ ಮಾಡುವ ಕೆಲಸದವಳು. ಹಣವಂತನನ್ನು ಹಿಡಿಯಬೇಕೆಂದು ಹೊರಟು, ಹೆಸರು ಮಾತ್ರ ದೊಡ್ಡದಿದ್ದು ಕಿಸೆ ಖಾಲಿಯಿರುವ ಯುವಕನಿಗೆ ಮನಸೋಲುತ್ತಾಳೆ. ಆ ಯುವಕ ತನ್ನ ಭಾವಿಪತ್ನಿಗೆ ದೂರದ ಬರ್ಮುಡಾದಿಂದ ಮಾತಾಡುತ್ತಿರುವಂತೆ ನಟಿಸುವಾಗ, ಲೊಂಬಾರ್ಡ್ ಮೂಗಿನ ದನಿಯಲ್ಲಿ ಟೆಲಿಫೋನ್ ಆಪರೇಟರ್ ಆಗಿ ಮತ್ತೆ ಮತ್ತೆ ಮಧ್ಯೆ ಬಾಯಿಹಾಕುತ್ತಾರೆ. ಫೋನ್ ಇಟ್ಟ ಮೇಲೆ ಅವರಿಗೂ ಸಹನಟ ಫ್ರೆಡ್ ಮ್ಯಾಕ್‌ಮರ್ರೆಗೂ ನಗು ತಡೆಯಲಾಗದೆ ಇಬ್ಬರೂ ನೆಲಕ್ಕೆ ಕುಸಿದರು. ನಿರ್ದೇಶಕ ಮಿಚೆಲ್ ಲೀಸೆನ್ ಕ್ಯಾಮೆರಾ ನಿಲ್ಲಿಸಲಿಲ್ಲ. ತೆರೆಯ ಮೇಲಿರುವುದು ಆ ನಿಜವಾದ ನಗುವೇ.

1937ರ ‘ನಥಿಂಗ್ ಸೇಕ್ರೆಡ್’ ಅವರ ಏಕೈಕ ಟೆಕ್ನಿಕಲರ್ (ಬಣ್ಣದ) ಚಿತ್ರ. ರೇಡಿಯಂ ವಿಷದಿಂದ ಸಾಯಲಿದ್ದಾಳೆ ಎಂದು ವೈದ್ಯರು ತಪ್ಪಾಗಿ ಹೇಳಿದ ಹಳ್ಳಿಯ ಹುಡುಗಿಯನ್ನು ನ್ಯೂಯಾರ್ಕಿನ ಪತ್ರಿಕೆಯೊಂದು ಮೆರವಣಿಗೆ ಮಾಡಿಸಿ ಕಣ್ಣೀರನ್ನು ಮಾರಿಕೊಳ್ಳುತ್ತದೆ. ಕಾಯಿಲೆಯಿಲ್ಲವೆಂದು ಗೊತ್ತಾದ ಮೇಲೂ ಹುಡುಗಿ ಬಾಯಿಬಿಡುವುದಿಲ್ಲ, ಏಕೆಂದರೆ ನ್ಯೂಯಾರ್ಕನ್ನು ಬಿಟ್ಟಿಯಾಗಿ ನೋಡುವ ಅವಕಾಶ ಮತ್ತೆ ಬರುವುದಿಲ್ಲ. ಸುದ್ದಿಯ ಹಸಿವನ್ನು ಇಷ್ಟು ನಿರ್ದಾಕ್ಷಿಣ್ಯವಾಗಿ ಗೇಲಿ ಮಾಡಿದ ಚಿತ್ರಗಳು ಇಂದಿಗೂ ಕಡಿಮೆ.

1938ರ ‘ಫೂಲ್ಸ್ ಫಾರ್ ಸ್ಕ್ಯಾಂಡಲ್’ ಮಾತ್ರ ನೆಲಕಚ್ಚಿತು. ಆಮೇಲೆ ಅವರು ಎರಡು ವರ್ಷ ಗಂಭೀರ ಪಾತ್ರಗಳತ್ತ ಹೊರಳಿದರು. ಅವುಗಳಲ್ಲಿ ತಪ್ಪು ಹುಡುಕುವಂಥದ್ದು ಹೆಚ್ಚಿಲ್ಲ, ಆದರೆ ಬೇರೆ ನಟಿಯರೂ ಅವನ್ನು ನಿಭಾಯಿಸಬಹುದಿತ್ತು ಅನ್ನಿಸುತ್ತದೆ.

ಅವರ ಸಂಭಾವನೆ ಎಷ್ಟಿತ್ತು?

1937ರ ಹೊತ್ತಿಗೆ ಅವರ ವಾರ್ಷಿಕ ಗಳಿಕೆ ಸುಮಾರು ನಾಲ್ಕೂವರೆ ಲಕ್ಷ ಡಾಲರ್ ಎಂದು ಪತ್ರಿಕೆಗಳು ಬರೆದವು. ಆಗ ಅಮೆರಿಕದ ಅಧ್ಯಕ್ಷರ ಸಂಬಳ 75,000 ಡಾಲರ್. ತನ್ನ ಗಳಿಕೆಯ ಬಹುಪಾಲು ತೆರಿಗೆಗೆ ಹೋಗುತ್ತದೆ, ಅದಕ್ಕೆ ತನ್ನ ತಕರಾರಿಲ್ಲ ಎಂದು ಲೊಂಬಾರ್ಡ್ ಹೇಳಿಕೊಂಡದ್ದು ಆಗ ದೊಡ್ಡ ಸುದ್ದಿಯಾಗಿತ್ತು. ಒಂದೇ ಸ್ಟುಡಿಯೋಗೆ ವರ್ಷಗಟ್ಟಲೆ ಕಟ್ಟುಬೀಳುವುದು ನಟನಟಿಯರಿಗೆ ಕಡ್ಡಾಯದಂತಿದ್ದ ದಿನಗಳಲ್ಲಿ, ಪ್ಯಾರಾಮೌಂಟ್ ಒಪ್ಪಂದ ಮುಗಿದ ಮೇಲೆ ಅವರು ಚಿತ್ರದಿಂದ ಚಿತ್ರಕ್ಕೆ ಬೇರೆ ಬೇರೆ ಸಂಸ್ಥೆಗಳೊಂದಿಗೆ ಕೆಲಸ ಮಾಡಿದರು. ವ್ಯವಹಾರ ನೋಡಿಕೊಂಡವರು ಏಜೆಂಟ್ ಮೈರನ್ ಸೆಲ್ಜ್‌ನಿಕ್. ತೆರೆಯ ಮೇಲಿನ ಪೆದ್ದು ಹುಡುಗಿ ಲೆಕ್ಕಪತ್ರದಲ್ಲಿ ಬಹಳ ಚುರುಕಾಗಿದ್ದರು.

ಬಾಯಿ ಬಿಟ್ಟರೆ ಬೈಗುಳ ಎನ್ನುತ್ತಾರಲ್ಲ?

ಅದೂ ನಿಜವೇ. ಗಂಡಸರೇ ತುಂಬಿದ್ದ ಸ್ಟುಡಿಯೋಗಳಲ್ಲಿ ತಂಟೆಗೆ ಬರುವವರನ್ನು ದೂರವಿಡಲು ಅಣ್ಣಂದಿರಿಂದ ಬೈಗುಳ ಕಲಿತರಂತೆ. ಸೆಟ್ಟಿನ ದೀಪದವರು, ಬಡಗಿಗಳು ಮುಂತಾದವರಿಗೆ ಅವರೆಂದರೆ ಅಚ್ಚುಮೆಚ್ಚು.

ಹಿಚ್‌ಕಾಕ್ ಅವರೊಂದಿಗೆ ಹಾಸ್ಯಚಿತ್ರ ಮಾಡಿದ್ದು ಹೇಗೆ?

ಭಯದ ಚಿತ್ರಗಳಿಗೆ ಹೆಸರಾದ ಆಲ್‌ಫ್ರೆಡ್ ಹಿಚ್‌ಕಾಕ್ ಅಮೆರಿಕದಲ್ಲಿ ಮಾಡಿದ ಅಪ್ಪಟ ಸ್ಕ್ರೂಬಾಲ್ ಚಿತ್ರವೆಂದರೆ 1941ರ ‘ಮಿಸ್ಟರ್ ಅಂಡ್ ಮಿಸೆಸ್ ಸ್ಮಿತ್’ ಒಂದೇ. ಇಂಗ್ಲೆಂಡಿನಿಂದ ಬಂದ ಹಿಚ್‌ಕಾಕ್ ಕುಟುಂಬ ಲೊಂಬಾರ್ಡ್ ಅವರ ಮನೆಯಲ್ಲಿ ಬಾಡಿಗೆಗಿತ್ತು, ಗೆಳೆತನ ಅಲ್ಲಿಂದ ಬೆಳೆಯಿತು. ನಟರೆಂದರೆ ದನಗಳು ಎಂಬ ಹಿಚ್‌ಕಾಕ್ ಮಾತು ಆಗಲೇ ಪ್ರಚಾರದಲ್ಲಿತ್ತು. ಮೊದಲ ದಿನ ಅವರು ಸೆಟ್ಟಿಗೆ ಬಂದಾಗ ಅಲ್ಲೊಂದು ಸಣ್ಣ ದೊಡ್ಡಿ, ಒಳಗೆ ಮೂರು ಕರುಗಳು, ಒಂದೊಂದರ ಕೊರಳಲ್ಲೂ ಚಿತ್ರದ ಮೂವರು ತಾರೆಯರಲ್ಲಿ ಒಬ್ಬೊಬ್ಬರ ಹೆಸರು. ಏರ್ಪಾಡು ಲೊಂಬಾರ್ಡ್ ಅವರದು. ತಮ್ಮ ಚಿತ್ರಗಳಲ್ಲಿ ಕ್ಷಣಕಾಲ ಕಾಣಿಸಿಕೊಳ್ಳುವ ಹಿಚ್‌ಕಾಕ್ ಪದ್ಧತಿಯ ಆ ಶಾಟ್ ಅನ್ನು ಈ ಸಲ ಲೊಂಬಾರ್ಡ್ ನಿರ್ದೇಶಿಸಿ, ಬೇಕೆಂದೇ ಮತ್ತೆ ಮತ್ತೆ ಟೇಕ್ ತೆಗೆಸಿ ಸೇಡು ತೀರಿಸಿಕೊಂಡರು.

ಕ್ಲಾರ್ಕ್ ಗೇಬಲ್ ಜೊತೆಗಿನ ಮದುವೆಯ ಬಗ್ಗೆ ತಿಳಿಸಿ.

ಇಬ್ಬರೂ ಜೊತೆಯಾಗಿ ನಟಿಸಿದ್ದು 1932ರ ‘ನೋ ಮ್ಯಾನ್ ಆಫ್ ಹರ್ ಓನ್’ ಒಂದರಲ್ಲಿ ಮಾತ್ರ, ಆಗ ಪ್ರೀತಿಯೇನೂ ಇರಲಿಲ್ಲ. ಒಲವು ಬೆಳೆದದ್ದು 1936ರಲ್ಲಿ. ಗೇಬಲ್ ಅವರ ಹಿಂದಿನ ಮದುವೆಯ ವಿಚ್ಛೇದನವಾದ ಬೆನ್ನಿಗೇ, 1939ರ ಮಾರ್ಚ್ 29ರಂದು, ಅರಿಜೋನಾದ ಕಿಂಗ್‌ಮನ್ ಎಂಬ ಸಣ್ಣ ಊರಿನಲ್ಲಿ ಸದ್ದುಗದ್ದಲವಿಲ್ಲದೆ ಮದುವೆಯಾದರು. ಎನ್ಸಿನೋದಲ್ಲಿ ಸುಮಾರು ಇಪ್ಪತ್ತು ಎಕರೆಯ ತೋಟದ ಮನೆ, ಕುದುರೆ, ಕೋಳಿ, ಬೇಟೆ ಅವರ ಸಂಸಾರ. ಮಕ್ಕಳಾಗಲಿಲ್ಲ. ಪತ್ರಿಕೆಗಳು ಈ ದಾಂಪತ್ಯದ ಬಗ್ಗೆ ಬರೆದಷ್ಟನ್ನು ಅವರ ನಟನೆಯ ಬಗ್ಗೆ ಬರೆಯಲಿಲ್ಲ ಎಂಬ ಕೊರಗು ಅಭಿಮಾನಿಗಳಿಗೆ ಇದ್ದೇ ಇದೆ.

ಸಾವು ಹೇಗೆ ಸಂಭವಿಸಿತು?

1941ರ ಡಿಸೆಂಬರ್‌ನಲ್ಲಿ ಅಮೆರಿಕ ಯುದ್ಧಕ್ಕಿಳಿದಿತ್ತು. ಯುದ್ಧ ಸಾಲಪತ್ರಗಳ ಮಾರಾಟಕ್ಕಾಗಿ ಲೊಂಬಾರ್ಡ್ ತಮ್ಮ ತವರು ರಾಜ್ಯ ಇಂಡಿಯಾನಾಕ್ಕೆ ಹೋಗಿ, 1942ರ ಜನವರಿ 15ರಂದು ಇಂಡಿಯಾನಾಪೊಲಿಸ್‌ನಲ್ಲಿ ಒಂದೇ ದಿನದಲ್ಲಿ 20 ಲಕ್ಷ ಡಾಲರಿಗೂ ಹೆಚ್ಚು ಮೊತ್ತ ಸಂಗ್ರಹಿಸಿದರು. ಹಿಂದಿರುಗಲು ರೈಲೇ ಒಳ್ಳೆಯದೆಂದು ಜೊತೆಗಿದ್ದ ತಾಯಿ ಬೆಸ್ ಮತ್ತು ಪ್ರಚಾರಾಧಿಕಾರಿ ಆಟೊ ವಿಂಕ್ಲರ್ ಹೇಳಿದರು. ಬೇಗ ಮನೆ ಸೇರಬೇಕೆಂದಿದ್ದ ಲೊಂಬಾರ್ಡ್ ವಿಮಾನವೇ ಆಗಬೇಕೆಂದರು. ನಾಣ್ಯ ಚಿಮ್ಮಿ ತೀರ್ಮಾನಿಸಿದರು, ಗೆದ್ದದ್ದು ಲೊಂಬಾರ್ಡ್.

ಟಿಡಬ್ಲ್ಯುಎ ಸಂಸ್ಥೆಯ ಡಿಸಿ-3 ವಿಮಾನ ದಾರಿಯಲ್ಲಿ ಹಲವೆಡೆ ಇಳಿಯುತ್ತ ಸಾಗಿತು. ಆಲ್ಬುಕರ್ಕಿಯಲ್ಲಿ ಸೈನಿಕರಿಗಾಗಿ ಕೆಲವು ಪ್ರಯಾಣಿಕರು ಸೀಟು ಬಿಟ್ಟುಕೊಡಬೇಕಾಯಿತು. ಹಾಗೆ ಇಳಿದು ಬದುಕಿಕೊಂಡವರಲ್ಲಿ ಪ್ರಸಿದ್ಧ ಪಿಟೀಲುವಾದಕ ಜೋಸೆಫ್ ಸಿಗೆಟಿ ಒಬ್ಬರು. ಲೊಂಬಾರ್ಡ್ ಇಳಿಯಲಿಲ್ಲ. ಜನವರಿ 16ರ ಸಂಜೆ ಏಳರ ಸುಮಾರಿಗೆ ಲಾಸ್ ವೇಗಸ್‌ನಿಂದ ಮೇಲೇರಿದ ವಿಮಾನ ಕಾಲು ಗಂಟೆಯೊಳಗೆ ನೆವಾಡಾದ ಪೊಟೋಸಿ ಬೆಟ್ಟಕ್ಕೆ ಅಪ್ಪಳಿಸಿ, ಹದಿನೈದು ಸೈನಿಕರೂ ಸೇರಿ ಅದರಲ್ಲಿದ್ದ 22 ಜನರೂ ಸತ್ತರು. ಯುದ್ಧದ ಎಚ್ಚರಿಕೆಯಿಂದಾಗಿ ಆ ದಾರಿಯ ಹಲವು ಸೂಚನಾ ದೀಪಗಳು ಆರಿದ್ದವು. ಕ್ಯಾಪ್ಟನ್ ಸರಿಯಾದ ಮಾರ್ಗದಿಂದ ದೂರ ಸರಿದದ್ದೇ ಅಪಘಾತಕ್ಕೆ ಕಾರಣವೆಂದು ತನಿಖೆ ತೀರ್ಮಾನಿಸಿತು.

ಅದೇ ವರ್ಷದ ಆಗಸ್ಟ್‌ನಲ್ಲಿ ಗೇಬಲ್ ವಾಯುಪಡೆ ಸೇರಿದರು. ಮುಂದೆ ಮತ್ತೆ ಎರಡು ಮದುವೆಯಾದರೂ, 1960ರಲ್ಲಿ ತೀರಿಕೊಂಡಾಗ ಅವರನ್ನು ಗ್ಲೆಂಡೇಲ್‌ನ ಫಾರೆಸ್ಟ್ ಲಾನ್ ಸ್ಮಶಾನದಲ್ಲಿ ಲೊಂಬಾರ್ಡ್ ಪಕ್ಕದಲ್ಲೇ ಇರಿಸಲಾಯಿತು.

ಕೊನೆಯ ಚಿತ್ರ ಯಾವುದು?

ಅರ್ನ್ಸ್ಟ್ ಲ್ಯೂಬಿಚ್ ನಿರ್ದೇಶನದ ‘ಟು ಬಿ ಆರ್ ನಾಟ್ ಟು ಬಿ’. ಚಿತ್ರೀಕರಣ ಅವರ ಸಾವಿಗೆ ಮುಂಚೆಯೇ ಮುಗಿದಿತ್ತು, ತೆರೆಕಂಡದ್ದು ಸಾವಿನ ನಂತರ. ನಾಜಿಗಳು ಆಕ್ರಮಿಸಿದ ವಾರ್ಸಾದಲ್ಲಿ ನಾಟಕ ತಂಡವೊಂದು ವೇಷ ಹಾಕಿಕೊಂಡು ಅವರ ಕಣ್ಣಿಗೆ ಮಣ್ಣೆರಚುವ ಕಥೆ. ಶುರುವಿನಲ್ಲೇ ತಾಲೀಮಿನ ದೃಶ್ಯವಿದೆ: ಲೊಂಬಾರ್ಡ್ ಮೈಗೆ ಅಂಟಿದ ಹೊಳೆಯುವ ಗೌನಿನಲ್ಲಿ ಬಂದು ಹೇಗಿದೆ ಎಂದು ಕೇಳುತ್ತಾರೆ. ಅದನ್ನು ತೊಡಬೇಕೆಂದುಕೊಂಡಿರುವುದು ಯಾತನಾ ಶಿಬಿರದ ದೃಶ್ಯಕ್ಕೆ! ನಾಟಕದ ನಿರ್ದೇಶಕ ಕೂಗಾಡಿದರೆ, ವ್ಯತ್ಯಾಸ ಎದ್ದು ಕಾಣಲೆಂದು ಎಂದು ಮುಗ್ಧವಾಗಿ ವಾದಿಸುತ್ತಾರೆ. ಯುದ್ಧ ನಡೆಯುತ್ತಿದ್ದಾಗ ಇಂಥ ತಮಾಷೆಯನ್ನು ಅನೇಕ ವಿಮರ್ಶಕರು ಸಹಿಸಲಿಲ್ಲ. ಇಂದು ಅದನ್ನು ಶ್ರೇಷ್ಠ ಹಾಸ್ಯಚಿತ್ರಗಳ ಸಾಲಿನಲ್ಲಿ ಎಣಿಸುತ್ತಾರೆ. ವಿಮಾನದಲ್ಲಿ ಏನು ತಾನೇ ಆಗಲು ಸಾಧ್ಯ ಎಂಬರ್ಥದ ಒಂದು ಮಾತು ಚಿತ್ರದಲ್ಲಿ ಲೊಂಬಾರ್ಡ್ ಬಾಯಲ್ಲಿತ್ತು. ಬಿಡುಗಡೆಗೆ ಮುನ್ನ ಅದನ್ನು ಕತ್ತರಿಸಿ ತೆಗೆದರು.

ಹೊಸಬರು ಯಾವ ಚಿತ್ರದಿಂದ ಆರಂಭಿಸಬೇಕು?

‘ಮೈ ಮ್ಯಾನ್ ಗಾಡ್‌ಫ್ರೇ’ಯಿಂದ. ಅಮೆರಿಕದಲ್ಲಿ ಅದರ ಹಕ್ಕುಸ್ವಾಮ್ಯ ನವೀಕರಣವಾಗದೆ ಹೋದದ್ದರಿಂದ ಮಸುಕಾದ ಪ್ರತಿಗಳು ಎಲ್ಲೆಡೆ ಹರಡಿಕೊಂಡಿವೆ. ‘ನಥಿಂಗ್ ಸೇಕ್ರೆಡ್’ ಕಥೆಯೂ ಅದೇ. ಬೆಳಕಿನ ಸೂಕ್ಷ್ಮದಲ್ಲೇ ಅರ್ಧ ಸೊಗಸಿರುವುದರಿಂದ, ಹುಡುಕುವುದು ತಡವಾದರೂ ಸರಿಪಡಿಸಿದ ಪ್ರತಿಯನ್ನೇ ನೋಡುವುದು ಒಳ್ಳೆಯದು. ಮಾತಿನ ವೇಗ ಹೆಚ್ಚು, ಆದ್ದರಿಂದ ಮೊದಲ ಸಲ ಅಡಿಬರಹ ಹಾಕಿಕೊಳ್ಳಿ. ಎರಡನೆಯ ಸಲ ಅದನ್ನು ತೆಗೆದು, ಪವೆಲ್ ಮಾತಾಡುವಾಗ ಲೊಂಬಾರ್ಡ್ ಏನು ಮಾಡುತ್ತಿದ್ದಾರೆ ಎಂಬುದನ್ನಷ್ಟೇ ಗಮನಿಸಿ.